ಕುರ್ತುಬಾದ ಶಸ್ತ್ರವೈದ್ಯ ಅಲ್-ಜಹರಾವಿ

ಅಬುಲ್ ಕಾಸಿಂ ಅಲ್-ಜಹರಾವಿ ಅವರ ಹೆಸರು ನಮ್ಮ ಕಾಲೇಜಿನಲ್ಲಿ ಹಲವರಿಗೆ ಗೊತ್ತು. ಭಾಷಣ ಸ್ಪರ್ಧೆಗಳಲ್ಲಿ ಇಬ್ನ್ ಸೀನಾ ಹೆಸರಿನ ಜೊತೆ ಅವರ ಹೆಸರೂ ಬರುತ್ತದೆ, ಚಪ್ಪಾಳೆ ಬೀಳುತ್ತದೆ, ಅಲ್ಲಿಗೆ ಮುಗಿಯುತ್ತದೆ. ಆದರೆ ಅವರು ನಿಜವಾಗಿ ಮಾಡಿದ ಕೆಲಸ ಏನು? ಇದನ್ನು ಸೈನ್ಸ್ ವಿಭಾಗದ ಗೆಳೆಯರು ಬರೆಯಬೇಕಿತ್ತು. ಕಾಮರ್ಸ್ ಓದುವ ನಾನು ಬರೆಯಲು ಒಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಸ್ಪೇನ್ ದೇಶದ ಕಾರ್ಡೋಬಾ ನಗರಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ ಕುರ್ತುಬಾ ಎನ್ನುತ್ತಾರೆ. ಅದರ ಹತ್ತಿರ ಖಲೀಫ ಮೂರನೆಯ ಅಬ್ದುಲ್ ರಹಮಾನ್ 936ರ ಸುಮಾರಿಗೆ ಮದೀನತುಲ್ ಜಹರಾ ಎಂಬ ಹೊಸ ಊರು ಕಟ್ಟಿಸಲು ಶುರು ಮಾಡಿದರು. ಅಲ್-ಜಹರಾವಿ ಹುಟ್ಟಿದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ನಮ್ಮ ಕಡೆ ಮುಂಡರಗಿ, ಲಕ್ಷ್ಮೇಶ್ವರ ಎಂದು ಅಡ್ಡಹೆಸರು ಇರುವ ಹಾಗೆ ಅವರ ಹೆಸರಿಗೂ ಊರು ಅಂಟಿಕೊಂಡಿದೆ. ಅವರ ಮನೆತನ, ಮದುವೆ, ಮಕ್ಕಳ ಬಗ್ಗೆ ಹೆಚ್ಚೇನೂ ಉಳಿದಿಲ್ಲ. ಅವರ ಮುಪ್ಪಿನ ಕಾಲದಲ್ಲಿ ಒಳಜಗಳ ಹೊತ್ತಿ ಆ ಊರು ಲೂಟಿಯಾಗಿ ಹಾಳುಬಿದ್ದಿತು. 1013ರ ಸುಮಾರಿಗೆ ಅವರೂ ತೀರಿಕೊಂಡರು.

ಉಳಿದದ್ದು ಪುಸ್ತಕ. ಕಿತಾಬುಲ್ ತಸ್ರೀಫ್ ಎಂಬ ಆ ಗ್ರಂಥಕ್ಕೆ 30 ಭಾಗಗಳು. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ: ಚಾಕು, ಕೊಕ್ಕೆ, ಇಕ್ಕಳ, ಸಲಾಕೆ. ಓದುವ ಶಿಷ್ಯರನ್ನು ಅವರು ಸ್ವಂತ ಮಕ್ಕಳಂತೆ ಕರೆದು ಮಾತಾಡಿಸುತ್ತಾರೆ.

ಈ ಭಾಗದಲ್ಲಿ ಕಾಲಿನ ಉಬ್ಬಿದ ರಕ್ತನಾಳಗಳ ಬಗ್ಗೆ ಒಂದು ಅಧ್ಯಾಯವಿದೆ. ನಾವು ಇದನ್ನು ನರ ಉಬ್ಬಿದೆ ಎನ್ನುತ್ತೇವೆ, ಮನೆಯಲ್ಲಿ ನಸ್ ಎನ್ನುತ್ತಾರೆ, ಡಾಕ್ಟರು ವೆರಿಕೋಸ್ ವೇನ್ ಎನ್ನುತ್ತಾರೆ. ಅರಬ್ಬಿಯಲ್ಲಿ ದವಾಲಿ. ಆ ಪದಕ್ಕೆ ದ್ರಾಕ್ಷಿಬಳ್ಳಿಗಳು ಎಂಬ ಅರ್ಥವೂ ಇದೆ. ಅಂಥ ಕಾಲನ್ನು ಒಮ್ಮೆ ನೋಡಿದವರಿಗೆ ಹೆಸರು ಯಾಕೆ ಬಂತೆಂದು ಬೇರೆ ಹೇಳಬೇಕಿಲ್ಲ. ಕೂಲಿ ಮಾಡುವವರು, ಭಾರ ಹೊರುವವರು, ಬಹಳ ನಡೆಯುವವರು, ಇವರಲ್ಲೇ ಇದು ಹೆಚ್ಚೆಂದು ಅವರು ಗುರುತಿಸಿದ್ದರು. ಗದಗದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರನ್ನು ಕೇಳಿದರೆ ಇದು ಸಾವಿರ ವರ್ಷ ಹಳೆಯ ಮಾತು ಅನ್ನಿಸುವುದಿಲ್ಲ.

ರಕ್ತನಾಳ ಚೆನ್ನಾಗಿ ತುಂಬಿ ಕಾಣಲಿ ಎಂದು ಅವರು ಮೊದಲು ಕಾಲನ್ನು ಬಿಸಿನೀರಿನಿಂದ ಕಾಯಿಸುತ್ತಿದ್ದರು. ಆಮೇಲೆ ಚರ್ಮವನ್ನು ಕೊಯ್ದು, ಕೊಕ್ಕೆಯಿಂದ ರಕ್ತನಾಳವನ್ನು ಬಿಡಿಸಿ ಮೇಲೆತ್ತಿ, ಸ್ವಲ್ಪ ದೂರದಲ್ಲಿ ಇನ್ನೊಂದು ಕಡೆ ಕೊಯ್ದು, ಹೀಗೆ ಹಂತ ಹಂತವಾಗಿ ಎಳೆದು ಹೊರತೆಗೆಯುವುದು. ಇಂದಿನಂಥ ಅರಿವಳಿಕೆ ಆಗ ಇರಲಿಲ್ಲ. ಕೆಟ್ಟ ರಕ್ತನಾಳವನ್ನು ತಂತಿ ಹಾಕಿ ಎಳೆದು ತೆಗೆಯುವ ವಿಧಾನವನ್ನು ಅಮೆರಿಕದ ವೈದ್ಯರು ರೂಪಿಸಿದ್ದು 20ನೇ ಶತಮಾನದ ಆರಂಭದಲ್ಲಿ.

ಆದರೆ ನನಗೆ ಅವರು ಕೊಯ್ದದ್ದಕ್ಕಿಂತ ಕೊಯ್ಯದೆ ಬಿಟ್ಟದ್ದೇ ದೊಡ್ಡದಾಗಿ ಕಂಡಿತು. ದೇಹದ ಒಳರಚನೆ ತಿಳಿಯದವನು ಚಾಕು ಹಿಡಿಯಬಾರದೆಂದು ಅವರು ಈ ಭಾಗದ ಮೊದಲಿಗೇ ಎಚ್ಚರಿಸಿ, ತಾವು ಕಂಡದ್ದನ್ನು ಬರೆಯುತ್ತಾರೆ. ಒಬ್ಬ ಅರೆಬರೆ ವೈದ್ಯ ಹೆಂಗಸಿನ ಕುತ್ತಿಗೆಯ ಗಡ್ಡೆ ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ, ಆಕೆ ರಕ್ತ ಸುರಿದು ಸತ್ತಳು. ಇನ್ನೊಬ್ಬ ಮುದುಕನ ಮೂತ್ರಕೋಶದ ಕಲ್ಲು ತೆಗೆದ, ಮುದುಕ ಕೆಲವೇ ದಿನಗಳಲ್ಲಿ ತೀರಿಹೋದ. ಆ ಮುದುಕ ಮೊದಲು ಅಲ್-ಜಹರಾವಿ ಅವರನ್ನೇ ಕರೆಸಿದ್ದ. ಬದುಕುವುದಿಲ್ಲವೆಂದು ಕಂಡು ಅವರು ಒಪ್ಪಿರಲಿಲ್ಲ. ಒಂದು ಹಳ್ಳಿಯಲ್ಲಿ ಗಂಡಸರೂ ಗಂಡುಮಕ್ಕಳೂ ಸಣ್ಣ ಗಾಯಕ್ಕೇ ರಕ್ತ ನಿಲ್ಲದೆ ಸಾಯುವುದನ್ನು ದಾಖಲಿಸಿ, ಅದರ ಕಾರಣ ತಮಗೆ ತಿಳಿಯದೆಂದು ಬರೆದಿಟ್ಟರು. ಅದು ಹಿಮೋಫಿಲಿಯಾ ಎಂದು ಈಗಿನವರು ಗುರುತಿಸುತ್ತಾರೆ.

ಇಲ್ಲಿ ನನ್ನ ಕಾರಣ ಹೇಳಬೇಕು. ಮುಂಡರಗಿಯಲ್ಲಿರುವ ನಮ್ಮ ಚಾಚಾನ ಮಗನಿಗೆ 14 ವರ್ಷ. ಹುಟ್ಟಿದಾಗಿನಿಂದ ಅವನ ಬಲಗಾಲಿನ ಮೇಲೆ ಕೆಂಪು ಮಚ್ಚೆ ಇದೆ. ಆ ಕಾಲು ಇನ್ನೊಂದಕ್ಕಿಂತ ದಪ್ಪ, ಸ್ವಲ್ಪ ಉದ್ದ, ಹೊರಮಗ್ಗುಲಿಗೆ ರಕ್ತನಾಳಗಳು ಹಗ್ಗದಂತೆ ಉಬ್ಬಿವೆ. ಹುಡುಗ ಚಡ್ಡಿ ಹಾಕಿಕೊಂಡು ಕಬಡ್ಡಿಗೆ ಇಳಿಯುವುದನ್ನೇ ಬಿಟ್ಟ. ಕೊಯ್ದು ಕೆಟ್ಟ ರಕ್ತ ತೆಗೆಸಿಬಿಡಿ ಎಂದು ಹೇಳಿದವರು ಒಬ್ಬಿಬ್ಬರಲ್ಲ, ದಾದಿಮಾ ಕೂಡ ಒಪ್ಪಿದ್ದರು. ಕೊನೆಗೆ ತೋರಿಸಿದ ಡಾಕ್ಟರು ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. 1900ರಲ್ಲಿ ಪ್ಯಾರಿಸ್ಸಿನ ಕ್ಲಿಪ್ಪೆಲ್ ಮತ್ತು ಟ್ರೆನೋನೆ ಎಂಬ ವೈದ್ಯರು ವಿವರಿಸಿದ ತೊಂದರೆ ಇದು. ಇಂಥ ಮಕ್ಕಳಲ್ಲಿ ಕೆಲವರಿಗೆ ಕಾಲಿನ ಒಳಗಿನ ದೊಡ್ಡ ರಕ್ತನಾಳ ಸರಿಯಾಗಿ ಬೆಳೆದೇ ಇರುವುದಿಲ್ಲ. ಆಗ ಹೊರಗೆ ಉಬ್ಬಿ ಕಾಣುವುದೇ ರಕ್ತ ಮೇಲಕ್ಕೆ ಹೋಗುವ ದಾರಿ. ಅದನ್ನು ತೆಗೆದರೆ ಕಾಲು ಮತ್ತಷ್ಟು ಬಾಯುತ್ತದೆ. ಒಳಗಿನದು ನೆಟ್ಟಗಿದ್ದರೆ ಮಾತ್ರ ಲೇಸರ್ ಅಥವಾ ಆಪರೇಷನ್ ಮಾತು. ಈಗ ಅವನು ಬೆಳಿಗ್ಗೆ ಏಳುತ್ತಲೇ ಬಿಗಿಯಾದ ಸ್ಟಾಕಿಂಗ್ ಹಾಕುತ್ತಾನೆ, ಕುಳಿತಾಗ ಕಾಲು ಮೇಲಿಡುತ್ತಾನೆ, ಡಾಕ್ಟರು ಹೇಳಿದಾಗ ಹೋಗಿ ತೋರಿಸುತ್ತಾನೆ. ನಮ್ಮ ಬಿಸಿಲಿಗೆ ಆ ಸ್ಟಾಕಿಂಗ್ ಬಹಳ ಕಷ್ಟ, ಬೈದುಕೊಂಡೇ ಹಾಕುತ್ತಾನೆ. ನಿಮ್ಮ ಮನೆಯಲ್ಲೂ ಯಾರಾದರೂ ಹುಡುಗ ಹುಡುಗಿ ಕಾಲು ಮುಚ್ಚಿಕೊಂಡು ಓಡಾಡುತ್ತಿದ್ದರೆ ಒಮ್ಮೆ ಕೇಳಿ ನೋಡಿ.

ಅಲ್-ಜಹರಾವಿ ಹೇಳಿದ್ದೆಲ್ಲ ಇಂದಿಗೂ ನಡೆಯುತ್ತದೆ ಎಂದಲ್ಲ. ಅವರು ಬಹಳ ರೋಗಗಳಿಗೆ ಕಬ್ಬಿಣ ಕಾಯಿಸಿ ಬರೆ ಹಾಕುತ್ತಿದ್ದರು, ಅದನ್ನು ಈಗ ಯಾರೂ ಮಾಡಿಸಿಕೊಳ್ಳಬಾರದು. ಆದರೂ ಅವರ ಪುಸ್ತಕ ದೂರ ಹೋಯಿತು. 12ನೇ ಶತಮಾನದಲ್ಲಿ ತೊಲೆದೊ ನಗರದಲ್ಲಿ ಕ್ರೆಮೋನಾದ ಗೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ನಿಗೆ ಅನುವಾದಿಸಿದರು, 1497ರಲ್ಲಿ ವೆನಿಸ್ಸಿನಲ್ಲಿ ಅದು ಅಚ್ಚಾಯಿತು. ಯುರೋಪಿನ ವೈದ್ಯರು ನೂರಾರು ವರ್ಷ ಅದನ್ನೇ ಓದಿ ಕಲಿತರು, ಅವರನ್ನು ಅಲ್ಬುಕಾಸಿಸ್ ಎಂದು ಕರೆದರು. ಕಾರ್ಡೋಬಾದ ಹಳೆಯ ಪೇಟೆಯಲ್ಲಿ ಆ ಹೆಸರಿನ ಒಂದು ಓಣಿ ಈಗಲೂ ಇದೆ. ಹಾಳುಬಿದ್ದ ಅವರ ಊರನ್ನು ಅಗೆದು ತೆಗೆದಿದ್ದಾರೆ. 2018ರಲ್ಲಿ ಯುನೆಸ್ಕೊ ಅದನ್ನು ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.