ಗೀತಾ ದತ್: ದನಿ ಉಳಿಯಿತು, ಮನೆ ಉಳಿಯಲಿಲ್ಲ

ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದವರು, ಪಡುಕೋಣೆ ಮನೆತನದವರು ಎಂದು ಮುಂಬಯಿ ಕನ್ನಡಿಗರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರ ಪತ್ನಿ ಗೀತಾ ಅವರನ್ನು ನೆನೆಯುವವರು ಕಡಿಮೆ. ಆದರೆ ಸಖಿಯರೇ, ಮದುವೆಯಾದಾಗ ಇಬ್ಬರಲ್ಲಿ ಹೆಚ್ಚು ಹೆಸರು ಮಾಡಿದ್ದವರು ಗೀತಾ ಅವರೇ.

ಗೀತಾ ಘೋಷ್ ರಾಯ್ ಚೌಧುರಿ ಹುಟ್ಟಿದ್ದು 1930ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಫರೀದ್‌ಪುರದ ಜಮೀನ್ದಾರರ ಮನೆಯಲ್ಲಿ. 1942ರಲ್ಲಿ ಆ ಕುಟುಂಬ ದಾದರಿಗೆ ಬಂದು ನೆಲೆಸಿತು. 1946ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಆಕೆಗೆ ಹಾಡಲು ಸಿಕ್ಕಿದ್ದು ಎರಡೇ ಸಾಲು. ಮರುವರ್ಷ ಎಸ್.ಡಿ. ಬರ್ಮನ್ ಅವರು 'ದೋ ಭಾಯಿ' ಚಿತ್ರಕ್ಕೆ ಹಾಡಿಸಿದರು. ಹದಿನಾರರ ಹುಡುಗಿಯ ಹೆಸರು ಮನೆಮಾತಾಯಿತು.

1951ರ 'ಬಾಜಿ' ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ. ಅದರ ಹಾಡಿನ ಧ್ವನಿಮುದ್ರಣದ ವೇಳೆ ಇಬ್ಬರಿಗೂ ಪರಿಚಯ. 1953ರ ಮೇ 26ರಂದು ಮದುವೆ. ನಂತರದ 'ಆರ್ ಪಾರ್', 'ಮಿಸ್ಟರ್ ಅಂಡ್ ಮಿಸೆಸ್ 55' ಚಿತ್ರಗಳಲ್ಲಿ ಗೀತಾ ಅವರ ತುಂಟದನಿ ಕೇಳಿದರೆ ಇಂದಿಗೂ ಮನಸ್ಸು ಹಗುರಾಗುತ್ತದೆ.

ಮೂವರು ಮಕ್ಕಳಾದರು, ಪಾಲಿ ಹಿಲ್‌ನಲ್ಲಿ ಬಂಗಲೆಯಾಯಿತು. ಹೆಂಡತಿ ತಮ್ಮ ಚಿತ್ರಗಳಿಗಷ್ಟೇ ಹಾಡಲಿ ಎಂಬುದು ಗುರುದತ್ ಇಚ್ಛೆಯಾಗಿತ್ತೆಂದು ಬಲ್ಲವರು ಹೇಳುತ್ತಾರೆ. ಹೊರಗಿನ ಅವಕಾಶಗಳು ಕಡಿಮೆಯಾದವು. ಗೀತಾ ಅವರನ್ನೇ ನಾಯಕಿಯಾಗಿಸಿ ಕಲ್ಕತ್ತೆಯಲ್ಲಿ ಆರಂಭಿಸಿದ 'ಗೌರಿ' ಚಿತ್ರವೂ ಅರ್ಧಕ್ಕೇ ನಿಂತಿತು. ಊರ ಬಾಯಿ ಒಬ್ಬ ನಟಿಯ ಹೆಸರು ಹಿಡಿದು ಕೂತಿತು. ಆದರೆ ಹಾಡುವವಳ ಹಾಡು ನಿಂತರೆ ಮನೆಯೊಳಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ.

1959ರಲ್ಲಿ 'ಕಾಗಜ್ ಕೆ ಫೂಲ್' ಬಂತು. ಹೆಂಡತಿಯಿಂದ ದೂರವಾಗಿ, ಖ್ಯಾತಿಯನ್ನೂ ಕಳೆದುಕೊಳ್ಳುವ ನಿರ್ದೇಶಕನ ಕಥೆ. ಕಾಲ ಇಬ್ಬರನ್ನು ಹೇಗೆ ಬದಲಿಸಿಬಿಟ್ಟಿತು ಎನ್ನುವ ಹಾಡಿಗೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಬೆಳಕಿನ ಕೋಲನ್ನೇ ಇಳಿಸಿದರು. ಆ ಹಾಡಿನ ದನಿ ಗೀತಾ ಅವರದು. ತಮ್ಮದೇ ಮನೆಯ ಸಂಕಟವನ್ನು ಅವರು ಮೈಕಿನ ಮುಂದೆ ನಿಂತು ಹಾಡಿದಂತಿತ್ತು. ಚಿತ್ರ ಸೋತಿತು. ನಿರ್ದೇಶಕರಾಗಿ ಗುರುದತ್ ಹೆಸರು ಮತ್ತೆ ಯಾವ ಚಿತ್ರದಲ್ಲೂ ಬರಲಿಲ್ಲ. 1963ರಲ್ಲಿ ಅವರು ಪಾಲಿ ಹಿಲ್‌ನ ಬಂಗಲೆಯನ್ನೂ ಕೆಡವಿಸಿದರು.

1964ರ ಅಕ್ಟೋಬರ್ 10ರಂದು, ಒಂಟಿಯಾಗಿದ್ದ ಪೆಡ್ಡರ್ ರೋಡಿನ ಫ್ಲ್ಯಾಟಿನಲ್ಲಿ ಗುರುದತ್ ತೀರಿಕೊಂಡರು. ವಯಸ್ಸು 39. ಗೀತಾ ಕುಸಿದುಹೋದರು, ಕುಡಿತ ಆರೋಗ್ಯವನ್ನು ತಿಂದಿತು. ಆದರೂ ಮಕ್ಕಳಿಗಾಗಿ ಮತ್ತೆ ಎದ್ದು ನಿಂತು ವೇದಿಕೆಗಳಲ್ಲಿ ಹಾಡಿದರು, ಒಂದು ಬಂಗಾಳಿ ಚಿತ್ರದಲ್ಲಿ ನಟಿಸಿದರು. 1971ರ 'ಅನುಭವ್' ಚಿತ್ರಕ್ಕೆ ಕನು ರಾಯ್ ಸಂಗೀತದಲ್ಲಿ ಹಾಡಿದಾಗ, ವರ್ಷಗಟ್ಟಲೆ ಸುಮ್ಮನಿದ್ದ ಆ ದನಿ ಕಿಂಚಿತ್ತೂ ಮಾಸಿರಲಿಲ್ಲ. 1972ರ ಜುಲೈ 20ರಂದು ಅವರೂ ಹೊರಟುಹೋದರು. ವಯಸ್ಸು 41.

ಇಲ್ಲಿ ಒಬ್ಬರನ್ನು ಅಪರಾಧಿಯಾಗಿಸುವುದು ಸುಲಭ, ನೊಂದವರು ಇಬ್ಬರೂ. ಆದರೆ ಒಂದು ಮನೆಯಲ್ಲಿ ಇಬ್ಬರು ಕಲಾವಿದರಿದ್ದಾಗ ಒಬ್ಬರು ದೀಪ, ಇನ್ನೊಬ್ಬರು ಎಣ್ಣೆ ಎಂದು ಹಂಚಿಕೊಂಡರೆ ಎಣ್ಣೆ ತೀರಿದ ದಿನ ದೀಪವೂ ಆರುತ್ತದೆ. ಗಂಡ ಹೆಂಡತಿ ಇಬ್ಬರೂ ಲೋಕಲ್ ಹಿಡಿದು ದುಡಿಯಲು ಹೋಗುವ ಈ ಊರಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯಲ್ಲಿ ಹಾಡು, ಚಿತ್ರ, ಬರಹ ಯಾವುದಾದರೂ ಮೂಲೆ ಸೇರಿದ್ದರೆ, ಇವತ್ತೇ ಹೊರತೆಗೆಯಿರಿ.