ಬೆಳಕಿನ ಶಿಲ್ಪಿ ಲೂಯಿ ಕಾನ್

ಜಕಣಾಚಾರಿಯ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಕೆಲಸದ ಗುಂಗಿನಲ್ಲಿ ಮನೆಮಡದಿಯನ್ನು ತೊರೆದು ಊರೂರು ತಿರುಗಿ ದೇವಾಲಯಗಳನ್ನು ಕಟ್ಟಿದ ತಂದೆ. ತಂದೆಯ ಮುಖವನ್ನೇ ಕಾಣದೆ ಬೆಳೆದು, ಆತನನ್ನು ಹುಡುಕುತ್ತ ಬೇಲೂರಿಗೆ ಬಂದ ಮಗ ಡಂಕಣ. ಇತಿಹಾಸಕಾರರು ಇದನ್ನು ಬರಿಯ ಐತಿಹ್ಯವೆನ್ನುತ್ತಾರೆ. ಇರಲಿ. ಇಂತಹದೇ ಒಂದು ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ಅಮೇರಿಕದಲ್ಲಿ ನಿಜವಾಗಿಯೇ ನಡೆದಿದೆ. ಅಲ್ಲಿಯ ಶಿಲ್ಪಿಯ ಹೆಸರು ಲೂಯಿ ಕಾನ್. ಆತನನ್ನು ಹುಡುಕಿ ಹೊರಟ ಮಗನ ಹೆಸರು ನಥಾನಿಯಲ್. ಮಗನ ಕೈಯಲ್ಲಿದ್ದುದು ಉಳಿಯಲ್ಲ, ಚಲನಚಿತ್ರದ ಕ್ಯಾಮರಾ.

ಲೂಯಿ ಕಾನ್ 1901ನೆಯ ಇಸವಿ ಫೆಬ್ರವರಿ 20ರಂದು ಎಸ್ಟೋನಿಯದಲ್ಲಿ ಜನಿಸಿದನು. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದಿತು. ಬಡ ಯಹೂದಿ ಕುಟುಂಬ. ಬಾಲ್ಟಿಕ್ ಸಮುದ್ರದ ಸಾರೆಮಾ ಎಂಬ ದ್ವೀಪದಲ್ಲಿ ಆತನ ಶೈಶವ ಕಳೆಯಿತು. ಮೂರು ವರ್ಷದ ಮಗುವಾಗಿದ್ದಾಗ ಒಲೆಯಲ್ಲಿ ನಿಗಿನಿಗಿ ಉರಿಯುತ್ತಿದ್ದ ಕೆಂಡಗಳ ಬಣ್ಣಕ್ಕೆ ಮರುಳಾಗಿ ಅವನ್ನು ಬಾಚಿ ಅಂಗಿಯ ಮಡಿಲಿಗೆ ತುಂಬಿಕೊಂಡನಂತೆ. ಬಟ್ಟೆಗೆ ಬೆಂಕಿ ಹತ್ತಿತು. ಮುಖವೂ ಕೈಗಳೂ ಸುಟ್ಟು ಹೋದವು. ಇಂತಹ ಮಗು ಬದುಕುವುದಕ್ಕಿಂತ ಸಾಯುವುದೇ ಮೇಲೆಂದು ತಂದೆಗೆ ತೋರಿತಂತೆ. ತಾಯಿ ಮಾತ್ರ, ಇವನು ಬದುಕಿ ದೊಡ್ಡ ಮನುಷ್ಯನಾಗುತ್ತಾನೆಂದು ಹಟ ಹಿಡಿದಳಂತೆ. ಸುಟ್ಟ ಕಲೆಗಳು ಸಾಯುವವರೆಗೂ ಆತನ ಮುಖದ ಮೇಲೆ ಇದ್ದವು. ಬೆಳಕಿನ ಮೇಲಿನ ಮೋಹವೂ ಹಾಗೆಯೇ ಉಳಿಯಿತು.

1906ರಲ್ಲಿ ಕುಟುಂಬವು ಅಮೇರಿಕದ ಫಿಲಡೆಲ್ಫಿಯ ನಗರಕ್ಕೆ ಬಂದು ಸೇರಿತು. ಪೆನ್ಸಿಲು ಕೊಳ್ಳಲು ಕಾಸಿಲ್ಲ. ಕಡ್ಡಿಗಳನ್ನು ಸುಟ್ಟು ಇದ್ದಿಲು ಮಾಡಿಕೊಂಡು ಬಾಲಕ ಲೂಯಿ ಚಿತ್ರ ಬರೆಯುತ್ತಿದ್ದನು. ಸಂಗೀತದಲ್ಲಿಯೂ ಆತನಿಗೆ ಒಳ್ಳೆಯ ಕಿವಿ. ಆಗ ಮೂಕಿ ಚಿತ್ರಗಳ ಕಾಲ; ಸಿನಿಮಾ ಮಂದಿರಗಳಲ್ಲಿ ಪರದೆಯ ಪಕ್ಕ ಕುಳಿತು ಪಿಯಾನೋ ಬಾರಿಸಿ ನಾಲ್ಕು ಕಾಸು ಸಂಪಾದಿಸಿ ಮನೆಗೆ ಕೊಡುತ್ತಿದ್ದನು. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಚಿತ್ರಕಲೆ ಕಲಿಯಲು ಪೂರ್ಣ ವಿದ್ಯಾರ್ಥಿವೇತನವೂ ದೊರೆಯಿತು. ಅದೇ ವರ್ಷ ಅಧ್ಯಾಪಕರೊಬ್ಬರು ಕಟ್ಟಡ ಕಲೆಯ ಬಗ್ಗೆ ಕೆಲವು ಪಾಠಗಳನ್ನು ಮಾಡಿದರು. ಅಷ್ಟೇ! ಕೈಗೆ ಬಂದ ವಿದ್ಯಾರ್ಥಿವೇತನವನ್ನು ಬಿಟ್ಟು, ಸಾಲಸೋಲ ಮಾಡಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪ ಓದಲು ಸೇರಿದನು. ಹೈಸ್ಕೂಲಿನ ಪಾಠವೊಂದು ಒಬ್ಬನ ಬಾಳಿನ ದಾರಿಯನ್ನು ಎಷ್ಟು ತಿರುಗಿಸಬಲ್ಲದೆಂಬುದನ್ನು ನಮ್ಮ ವಿದ್ಯಾರ್ಥಿ ಮಿತ್ರರು ಇಲ್ಲಿ ಗಮನಿಸಬಹುದು. 1924ರಲ್ಲಿ ಪದವಿ ಮುಗಿಯಿತು.

ಆದರೆ ಕೀರ್ತಿ ಬೇಗ ಬರಲಿಲ್ಲ. 1929ರ ಬಳಿಕ ಅಮೇರಿಕದಲ್ಲಿ ಭೀಕರ ಆರ್ಥಿಕ ಮುಗ್ಗಟ್ಟು. ಕಟ್ಟುವವರೇ ಇಲ್ಲದ ಮೇಲೆ ನಕ್ಷೆ ಯಾರಿಗೆ ಬೇಕು? 1930ರಲ್ಲಿ ಎಸ್ತರ್ ಎಂಬವಳನ್ನು ಮದುವೆಯಾದನು. ಅನೇಕ ವರ್ಷ ಸಂಸಾರ ಸಾಗಿದ್ದು ಆಕೆಯ ದುಡಿಮೆಯಿಂದ. ಕೆಲಸವಿಲ್ಲದ ಗೆಳೆಯರನ್ನು ಕೂಡಿಸಿಕೊಂಡು ಬಡವರಿಗೆ ಅಗ್ಗದ ಮನೆಗಳನ್ನು ಹೇಗೆ ಕಟ್ಟಬಹುದೆಂದು ಕಾನ್ ಚರ್ಚಿಸುತ್ತಿದ್ದನು. 1947ರಿಂದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲಾರಂಭಿಸಿದನು. ಐವತ್ತು ಸಮೀಪಿಸಿದರೂ ಹೆಸರು ಹೇಳುವಂತಹ ಒಂದು ಕಟ್ಟಡವೂ ಆತನ ಲೆಕ್ಕದಲ್ಲಿರಲಿಲ್ಲ.

1950ರ ಕೊನೆಯಲ್ಲಿ ರೋಮಿಗೆ ಹೋಗುವ ಅವಕಾಶ ಒದಗಿತು. ಅಲ್ಲಿಂದ ಗ್ರೀಸಿಗೂ ಈಜಿಪ್ಟಿಗೂ ಹೋಗಿ ಬಂದನು. ಪಾಳುಬಿದ್ದ ಇಟ್ಟಿಗೆಯ ಕಮಾನುಗಳು, ಗುಡಿಗಳ ಕಂಬಗಳು, ಪಿರಮಿಡ್ಡುಗಳು, ಅವುಗಳ ಮೇಲೆ ಜಾರುವ ಬಿಸಿಲು. ಇವೆಲ್ಲವನ್ನೂ ಬಣ್ಣದ ಕಡ್ಡಿಗಳಲ್ಲಿ ಚಿತ್ರಿಸಿಕೊಂಡು ಮರಳಿದನು. ಆಗಿನ ಹೊಸ ಶೈಲಿಯೆಂದರೆ ಉಕ್ಕಿನ ಚೌಕಟ್ಟು, ಗಾಜಿನ ಹೊದಿಕೆ. ಕಾನನಿಗೆ ಗೋಡೆಗೆ ತೂಕವಿರಬೇಕು; ಕಟ್ಟಡವನ್ನು ಹೇಗೆ ಕಟ್ಟಿದರೆಂಬುದು ನೋಡುವವನಿಗೆ ತಿಳಿಯಬೇಕು. ಗಿಲಾಯಿ ಬಳಿದು ಕಲ್ಲುಗಾರೆಗಳ ಗುರುತನ್ನು ಮುಚ್ಚುವುದು ಆತನಿಗೆ ಹಿಡಿಸುತ್ತಿರಲಿಲ್ಲ. ಮುರಕಲ್ಲಿನ ಬೆತ್ತಲೆ ಗೋಡೆಗಳ ನಡುವೆ ಹುಟ್ಟಿ ಬೆಳೆದ ನಮಗೆ ಈ ಮಾತು ಅಷ್ಟೇನೂ ವಿಚಿತ್ರವಾಗಿ ಕಾಣದು. ಇಟ್ಟಿಗೆಗೂ ಒಂದು ಇಷ್ಟವಿದೆ, ಅದನ್ನು ಕೇಳಿ ನೋಡಿದರೆ ತಾನು ಕಮಾನಾಗಬೇಕೆಂದೇ ಹೇಳೀತು, ಎಂದು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದನು.

1953ರಲ್ಲಿ ಯೇಲಿನ ಕಲಾಮಂದಿರವು ಮುಗಿದಾಗ ಆತನಿಗೆ 52 ವರ್ಷ. ಅನಂತರ ಫಿಲಡೆಲ್ಫಿಯದ ರಿಚರ್ಡ್ಸ್ ವೈದ್ಯಕೀಯ ಪ್ರಯೋಗಾಲಯ. ಗಾಳಿಯ ಕೊಳವೆ, ಮೆಟ್ಟಿಲು ಮುಂತಾದವನ್ನು ಬೇರೆ ಗೋಪುರಗಳಲ್ಲಿ ಇಟ್ಟು, ಮನುಷ್ಯರು ಕೆಲಸ ಮಾಡುವ ಕೋಣೆಗಳನ್ನು ತೆರವಾಗಿಟ್ಟ ಈ ಕಟ್ಟಡವು ಜಗತ್ತಿನ ಗಮನ ಸೆಳೆಯಿತು. ಒಳಗೆ ದುಡಿಯುವ ವಿಜ್ಞಾನಿಗಳು ಮಾತ್ರ ಗೊಣಗಿದರು. ಕಿಟಕಿಗಳಿಂದ ಬಿಸಿಲು ನೇರವಾಗಿ ಕಣ್ಣಿಗೆ ರಾಚುತ್ತಿದ್ದುದರಿಂದ ಅವರು ಗಾಜಿಗೆ ಕಾಗದ ಅಂಟಿಸಿಕೊಳ್ಳಬೇಕಾಯಿತು! ಬೆಳಕಿನ ಶಿಲ್ಪಿಯೆಂದು ಹೆಸರಾದವನ ಕಟ್ಟಡದಲ್ಲಿಯೇ ಹೀಗಾದುದು ಸೋಜಿಗ.

ಆ ಪಾಠ ವ್ಯರ್ಥವಾಗಲಿಲ್ಲ. ಪೋಲಿಯೋ ಲಸಿಕೆಯನ್ನು ಕಂಡುಹಿಡಿದ ಡಾ. ಜೋನಸ್ ಸಾಲ್ಕ್ ಅವರು ಕ್ಯಾಲಿಫೋರ್ನಿಯದ ಲಾ ಹೋಯಾ ಎಂಬಲ್ಲಿ, ಶಾಂತಸಾಗರದ ದಂಡೆಯ ಮೇಲೆ, ಒಂದು ಸಂಶೋಧನಾ ಸಂಸ್ಥೆ ಕಟ್ಟಿಸಲು ಕಾನನನ್ನು ಕರೆದರು. ಪ್ರಯೋಗಾಲಯದ ಪ್ರತಿ ಅಂತಸ್ತಿನ ಮೇಲೆಯೂ ಕೊಳವೆ ತಂತಿಗಳಿಗೆಂದೇ ಒಂದು ಪೂರ್ಣ ಅಂತಸ್ತನ್ನು ಕಾನ್ ಇಟ್ಟನು. ದುರಸ್ತಿಯಾಗಲಿ ಬದಲಾವಣೆಯಾಗಲಿ, ವಿಜ್ಞಾನಿಗಳ ಕೆಲಸ ನಿಲ್ಲಬೇಕಿಲ್ಲ. ಎರಡು ಸಾಲು ಕಟ್ಟಡಗಳ ನಡುವೆ ವಿಶಾಲವಾದ ಅಂಗಳ. ಅಲ್ಲಿ ಮರಗಳನ್ನು ನೆಡಬೇಕೆಂದಿದ್ದರು. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿ ಬರಗಾನ್ ಬಂದು ನೋಡಿ, ಒಂದು ಎಲೆಯೂ ಬೇಡ, ಬರಿದಾಗಿ ಬಿಡಿರೆಂದು ಸೂಚಿಸಿದನು. ಕಾನ್ ಒಪ್ಪಿದನು. ಇಂದಿಗೂ ಅಲ್ಲಿ ಕಲ್ಲುಹಾಸು, ನಡುವೆ ಕಡಲಿನತ್ತ ಹರಿಯುವ ಕಿರಿದಾದ ಒಂದು ನೀರಿನ ತೋಡು, ಅದರಾಚೆ ಆಕಾಶ, ಇಷ್ಟೇ. ಹಗಲು ರಾತ್ರಿ ಸಮನಾಗಿರುವ ದಿನಗಳಲ್ಲಿ ಸೂರ್ಯನು ಆ ತೋಡಿನ ನೇರಕ್ಕೆ ಮುಳುಗುತ್ತಾನೆ.

1962ನೆಯ ವರ್ಷ ಕಾನನಿಗೂ ನಮ್ಮ ದೇಶಕ್ಕೂ ನಂಟು ಬೆಸೆಯಿತು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ, ಕಸ್ತೂರಭಾಯಿ ಲಾಲ್‌ಭಾಯಿ ಮುಂತಾದವರ ಪ್ರಯತ್ನದಿಂದ ಆಡಳಿತ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯೊಂದು ಆಗಷ್ಟೇ ಹುಟ್ಟಿತ್ತು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು, ಈ ಕೆಲಸಕ್ಕೆ ಕಾನನೇ ತಕ್ಕವನೆಂದು ಸೂಚಿಸಿ ಅವನನ್ನು ಕರೆಸಿದರು. (ಮುಂದೆ ಬೆಂಗಳೂರಿನ ಇಂತಹದೇ ಸಂಸ್ಥೆಯ ಕಲ್ಲಿನ ಕಟ್ಟಡಗಳನ್ನು ರಚಿಸಿದವರು ಇದೇ ದೋಶಿಯವರು.) ಅಲ್ಲಿಯ ಕಡು ಬಿಸಿಲಿಗೆ ಕಾನ್ ಕಂಡುಕೊಂಡ ಉಪಾಯ ನೋಡಿ: ಹೊರಗೊಂದು ಇಟ್ಟಿಗೆಯ ಗೋಡೆ, ಅದರಲ್ಲಿ ದೊಡ್ಡ ದುಂಡನೆಯ ತೆರಪುಗಳು, ಅದರ ಹಿಂದೆ ನೆರಳಿನ ಪಡಸಾಲೆ, ಅದಕ್ಕೂ ಒಳಗೆ ಕೋಣೆ. ಬಿಸಿಲು ಹೊರಗೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. ಪಾಠವೆಂಬುದು ತರಗತಿಯಲ್ಲಿ ಮಾತ್ರ ನಡೆಯುವುದಿಲ್ಲ, ವಿದ್ಯಾರ್ಥಿಗಳು ಜಗಲಿಯಲ್ಲಿ ಎದುರುಬದುರಾದಾಗಲೂ ನಡೆಯುತ್ತದೆಂಬುದು ಆತನ ನಂಬಿಕೆ. ಆದ್ದರಿಂದ ಜಗಲಿಗಳನ್ನು ಧಾರಾಳವಾಗಿ ಅಗಲವಿಟ್ಟನು.

ಅದೇ ವರ್ಷ ಢಾಕಾದಿಂದಲೂ ಕರೆ ಬಂದಿತು. ಅಂದಿನ ಪೂರ್ವ ಪಾಕಿಸ್ತಾನಕ್ಕೆ ಒಂದು ಶಾಸನಸಭಾ ಭವನ ಬೇಕಿತ್ತು. ಆ ಕೆಲಸ ಮೊದಲು ಸಿಕ್ಕಿದ್ದು ಅಲ್ಲಿಯವರೇ ಆದ ಮುಝರುಲ್ ಇಸ್ಲಾಮರಿಗೆ. ತಮ್ಮ ನಾಡಿಗೆ ಜಗತ್ತಿನ ಶ್ರೇಷ್ಠ ಕಟ್ಟಡವೊಂದು ಬರಲಿ ಎಂದು ಅವರು ತಾವಾಗಿಯೇ ಹಿಂದೆ ಸರಿದರು. ಇಂತಹ ದೊಡ್ಡತನ ಎಲ್ಲಿಯೂ ಅಪರೂಪ. ನೀರಿನ ನಡುವೆ ಕೋಟೆಯಂತೆ ಎದ್ದುನಿಂತ ಈ ಕಾಂಕ್ರೀಟು ಭವನವನ್ನು ಕಟ್ಟಿದ್ದು ದೊಡ್ಡ ಯಂತ್ರಗಳಲ್ಲ. ಬಿದಿರಿನ ಅಟ್ಟಣಿಗೆಗಳನ್ನು ಹತ್ತಿ ತಲೆಯ ಮೇಲೆ ಬುಟ್ಟಿ ಹೊತ್ತ ಕೂಲಿಗಳು, ಗಂಡಸರೂ ಹೆಂಗಸರೂ. ಐದೈದು ಅಡಿ ಎತ್ತರಕ್ಕೆ ಎರಕ ನಿಲ್ಲುವಲ್ಲಿ ಬೆಸುಗೆ ಒರಟಾಗಿ ಕಾಣುತ್ತಿತ್ತು. ಕಾನ್ ಅದನ್ನು ಮುಚ್ಚಿಡದೆ ಅಲ್ಲಿ ಬಿಳಿಯ ಅಮೃತಶಿಲೆಯ ಪಟ್ಟಿಗಳನ್ನು ಕೂರಿಸಿದನು. ಅವೇ ಭವನದ ಅಲಂಕಾರವಾದವು. 1971ರ ಯುದ್ಧದಲ್ಲಿ ಕೆಲಸ ನಿಂತಿತು. ಅರ್ಧ ಕಟ್ಟಿದ ಆ ಗೋಡೆಗಳನ್ನು ಮೇಲಿನಿಂದ ಕಂಡ ವಿಮಾನದವರು ಹಳೆಯ ಪಾಳು ಕಟ್ಟಡವೆಂದು ತಿಳಿದು ಬಾಂಬು ಹಾಕದೆ ಹೋದರೆಂದು ಒಂದು ಕಥೆಯಿದೆ. ಬಾಂಗ್ಲಾದೇಶ ಹುಟ್ಟಿದ ಮೇಲೆ ಕೆಲಸ ಮುಂದುವರಿದು 1982ರಲ್ಲಿ ಮುಗಿಯಿತು. ಅದನ್ನು ನೋಡಲು ಕಾನ್ ಇರಲಿಲ್ಲ.

1974ರ ಮಾರ್ಚ್ ತಿಂಗಳಲ್ಲಿ ಅಹಮದಾಬಾದಿನ ಕೆಲಸ ನೋಡಿಕೊಂಡು ಆತನು ಅಮೇರಿಕಕ್ಕೆ ಮರಳಿದನು. ಮಾರ್ಚ್ 17ರಂದು, ಭಾನುವಾರ, ನ್ಯೂಯಾರ್ಕಿನ ರೈಲು ನಿಲ್ದಾಣದ ಶೌಚಾಲಯದಲ್ಲಿ ಹೃದಯಾಘಾತದಿಂದ ಕುಸಿದು ಬಿದ್ದು ಪ್ರಾಣ ಬಿಟ್ಟನು. 73 ವರ್ಷ. ಪಾಸ್‌ಪೋರ್ಟಿನಲ್ಲಿದ್ದ ಮನೆಯ ವಿಳಾಸವನ್ನು ಗೀಚಿ ಅಳಿಸಲಾಗಿತ್ತು. ಪೊಲೀಸರ ಸಂದೇಶ ಹೋದದ್ದು ಮುಚ್ಚಿದ್ದ ಕಛೇರಿಗೆ. ದೇಶದ ಚಿನ್ನದ ಪದಕಗಳನ್ನು ಪಡೆದ ಆ ವಾಸ್ತುಶಿಲ್ಪಿಯ ಶವ ಎರಡು ಮೂರು ದಿನ ವಾರಸುದಾರರಿಲ್ಲದೆ ಶವಾಗಾರದಲ್ಲಿ ಬಿದ್ದಿತ್ತು. ಕಛೇರಿಯ ತುಂಬ ಸಾಲ. ಕೊನೆಗೆ ಆತನ ನಕ್ಷೆಗಳನ್ನೂ ಚಿತ್ರಗಳನ್ನೂ ಪೆನ್ಸಿಲ್ವೇನಿಯ ರಾಜ್ಯ ಸರಕಾರವು ಕೊಂಡುಕೊಂಡಿತು. ಹಾಗಾಗಿ ಅವು ಚದುರಿ ಹೋಗದೆ ಉಳಿದವು.

ಮರಣವಾರ್ತೆಯಲ್ಲಿ ಪತ್ರಿಕೆಗಳು ಹೆಂಡತಿ ಎಸ್ತರಳನ್ನೂ ಮಗಳು ಸೂ ಆನ್‌ಳನ್ನೂ ಮಾತ್ರ ಹೆಸರಿಸಿದವು. ಆದರೆ ಆತನಿಗೆ ಇನ್ನೂ ಇಬ್ಬರು ಮಕ್ಕಳಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿ ಆ್ಯನ್ ಟಿಂಗ್‌ಳಲ್ಲಿ ಹುಟ್ಟಿದ ಅಲೆಕ್ಸಾಂಡ್ರ. ಉದ್ಯಾನಗಳನ್ನು ರಚಿಸುವ ಹ್ಯಾರಿಯೆಟ್ ಪ್ಯಾಟಿಸನ್‌ಳಲ್ಲಿ ಹುಟ್ಟಿದ ನಥಾನಿಯಲ್. ದೊಡ್ಡವರ ಜೀವನಚರಿತ್ರೆಯಲ್ಲಿ ಇಂತಹ ಸಂಗತಿಗಳನ್ನು ಮರೆಮಾಡುವುದೇ ವಾಡಿಕೆ. ಮರೆಮಾಡಿದರೆ ಆ ಮಕ್ಕಳಿಗೂ ತಾಯಂದಿರಿಗೂ ಇನ್ನೊಮ್ಮೆ ಅನ್ಯಾಯವಾಗುತ್ತದೆಂದು ನನ್ನ ಭಾವನೆ. ಇಬ್ಬರು ಹೆಂಗಸರೂ ಪ್ರತಿಭಾವಂತೆಯರು. ಕಾನನ ಕಟ್ಟಡಗಳಲ್ಲಿ ಅವರ ಬುದ್ಧಿಯ ಪಾಲೂ ಸೇರಿದೆ. ಕೀರ್ತಿಯಲ್ಲಿ ಮಾತ್ರ ಬಹುಕಾಲ ಪಾಲು ಸಿಗಲಿಲ್ಲ.

ತಂದೆ ಸತ್ತಾಗ ನಥಾನಿಯಲ್ ಹನ್ನೊಂದು ವರ್ಷದ ಹುಡುಗ. ವಾರಕ್ಕೊಮ್ಮೆ ರಾತ್ರಿಯೂಟಕ್ಕೆ ಬಂದು, ಕಥೆ ಹೇಳಿ, ವಿಚಿತ್ರ ದೋಣಿಗಳ ಚಿತ್ರ ಬರೆದುಕೊಟ್ಟು, ಬೆಳಗಾಗುವ ಮುನ್ನ ಹೊರಟುಹೋಗುತ್ತಿದ್ದ ತಂದೆಯಷ್ಟೇ ಅವನಿಗೆ ಗೊತ್ತಿತ್ತು. ದೊಡ್ಡವನಾದ ಮೇಲೆ ಅವನು ಕ್ಯಾಮರಾ ಹಿಡಿದು ಹೊರಟನು. ತಂದೆ ಕಟ್ಟಿದ ಕಟ್ಟಡಗಳಿಗೆಲ್ಲ ಹೋದನು. ತಂದೆಯನ್ನು ಬಲ್ಲ ವಾಸ್ತುಶಿಲ್ಪಿಗಳನ್ನೂ ಸಹೋದ್ಯೋಗಿಗಳನ್ನೂ ಕಂಡು ಮಾತನಾಡಿಸಿದನು. ತನ್ನ ತಾಯಿಯನ್ನು ಕೂಡ ಬಿಡದೆ ಕಠಿಣ ಪ್ರಶ್ನೆಗಳನ್ನು ಕೇಳಿದನು. ಸಂಗೀತಗಾರರ ತಂಡವೊಂದಕ್ಕೆ ಕಾನ್ ಒಂದು ದೋಣಿಯನ್ನು ರಚಿಸಿಕೊಟ್ಟಿದ್ದನು. ಎದುರಿಗೆ ನಿಂತವನು ಕಾನನ ಮಗನೆಂದು ತಿಳಿದಾಗ ಅದರ ಮುಖ್ಯಸ್ಥನು ಕಣ್ಣೀರಿಟ್ಟ ದೃಶ್ಯ ಯಾರ ಮನಸ್ಸನ್ನೂ ಕರಗಿಸುವಂತಹದು. ಅಹಮದಾಬಾದಿನಲ್ಲಿ ದೋಶಿಯವರು ಕಾನನನ್ನು ಗುರುವೊಬ್ಬನನ್ನು ನೆನೆಯುವಂತೆ ನೆನೆಯುತ್ತಾರೆ. 2003ರಲ್ಲಿ ಬಿಡುಗಡೆಯಾದ ಈ ಸಾಕ್ಷ್ಯಚಿತ್ರದ ಹೆಸರು ಮೈ ಆರ್ಕಿಟೆಕ್ಟ್. ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೂ ಅದು ಆಯ್ಕೆಯಾಗಿತ್ತು.

ಚಿತ್ರದ ಕೊನೆಯ ಭಾಗ ಢಾಕಾದಲ್ಲಿ. ಷಂಸುಲ್ ವಾರೆಸ್ ಎಂಬ ಅಲ್ಲಿಯ ವಾಸ್ತುಶಿಲ್ಪಿ, ಆ ಭವನದ ಒಳಗೆ ನಿಂತು, ಕಡುಬಡತನದ ನಾಡಿಗೆ ಕಾನ್ ಎಂತಹ ಕಾಣಿಕೆ ಕೊಟ್ಟನೆಂದು ಹೇಳುತ್ತಾ ಗದ್ಗದಿತರಾಗುತ್ತಾರೆ. ಎಲ್ಲರನ್ನೂ ಪ್ರೀತಿಸಲು ಹೊರಟವನಿಗೆ ಹತ್ತಿರದವರು ಕಾಣದೆ ಹೋಗಿರಬಹುದೆಂದು ಮಗನನ್ನು ಸಮಾಧಾನಪಡಿಸುತ್ತಾರೆ. ಮಗ ಈ ಸಮಾಧಾನವನ್ನು ಒಪ್ಪಿದನೋ ಇಲ್ಲವೋ ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ನನಗಂತೂ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಆ ಭವನವನ್ನು ಪರದೆಯ ಮೇಲೆ ಕಂಡಾಗ ಎದುರು ಮಾತು ಹೊರಡುವುದಿಲ್ಲ.

ಅಹಮದಾಬಾದಿನ ಇಟ್ಟಿಗೆಗಳಿಗೆ ಈಗ ವಯಸ್ಸಾಗಿದೆ. 2001ರ ಭೂಕಂಪ ಅವನ್ನು ಅಲುಗಾಡಿಸಿತು. ನೀರು ಇಳಿದು ಬಿರುಕುಗಳು ಕಾಣಿಸಿಕೊಂಡವು. ಗ್ರಂಥಾಲಯವನ್ನು ಜೀರ್ಣೋದ್ಧಾರ ಮಾಡಿದ ರೀತಿಗೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿತು. ಆದರೆ 2020ರ ಡಿಸೆಂಬರಿನಲ್ಲಿ, 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಯೋಚನೆ ಹೊರಬಿದ್ದಿತು. ನಾನಾ ದೇಶಗಳ ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು. ಕಾನನ ಮೂವರು ಮಕ್ಕಳೂ ಒಟ್ಟಾಗಿ ಪತ್ರ ಬರೆದರು. 2021ರ ಹೊಸ ವರ್ಷದ ದಿನ ಆ ಯೋಜನೆಯನ್ನು ಹಿಂತೆಗೆದುಕೊಳ್ಳಲಾಯಿತು. ಮುಂದಿನ ವರ್ಷ ಮರುನಿರ್ಮಾಣದ ಮಾತು ಮತ್ತೆ ಎದ್ದಿತು.