ಹಾಸ್ಯ ಚಕ್ರವರ್ತಿ ನರಸಿಂಹರಾಜು

ಕನ್ನಡಿಗರನ್ನು ಕಾಲು ಶತಮಾನ ಕಾಲ ನಗಿಸಿದ ಟಿ.ಆರ್. ನರಸಿಂಹರಾಜು ಅವರು ತೀರಿಕೊಂಡದ್ದು 1979ರಲ್ಲಿ. ಮನೆಯಲ್ಲೇ ಕುಳಿತು ಕ್ಯಾಸೆಟ್ ಹಾಕಿ ಚಿತ್ರ ನೋಡುವ ಅನುಕೂಲ ನಮ್ಮ ದೇಶದಲ್ಲಿ ಹರಡಿದ್ದು ಅದರ ನಂತರ, 1982ರಲ್ಲಿ ಬಣ್ಣದ ಟಿ.ವಿ. ಬಂದ ಮೇಲೆ. ಆದರೂ ಗಡಿನಾಡಿನ ನಾವು ಈ ಕಲಾವಿದರನ್ನು ಕಂಡದ್ದು ಚಿತ್ರಮಂದಿರದಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ಆ ಋಣಕ್ಕಾಗಿ ಅವರ ಬಾಳನ್ನು ಇಲ್ಲಿ ನೆನೆಯುತ್ತಿದ್ದೇವೆ.

ನರಸಿಂಹರಾಜು ಅವರು ಜನಿಸಿದ್ದು 1923ರಲ್ಲಿ, ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ಅಕ್ಷರ ಕಲಿಯುವ ವಯಸ್ಸಿನಲ್ಲೇ ಬಣ್ಣ ಹಚ್ಚಿದರು. ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿಯಲ್ಲಿ ಬಾಲಕರ ಪಾತ್ರಗಳಿಂದ ತೊಡಗಿ, ಹಲವು ಕಂಪನಿಗಳ ಅನ್ನ ಉಂಡು, ಕೊನೆಗೆ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಕಂಪನಿಯೇ ಅವರ ಶಾಲೆ, ರಂಗವೇ ಪಾಠಪುಸ್ತಕ. ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ತುಂಡರಿಸಬೇಕು ಎಂಬುದನ್ನು ಅವರು ಕಲಿತದ್ದು ಎದುರು ಕುಳಿತ ಜನರಿಂದ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ತೆರೆ ಕಂಡಿತು. ರಾಜಕುಮಾರ್ ಅವರು ನಾಯಕರಾದ ಮೊದಲ ಚಿತ್ರವೂ ಅದೇ. ಅದರಲ್ಲಿ ಪೂಜಾರಿಯ ಮಗ ಕಾಶಿಯಾಗಿ ಬಂದ ನರಸಿಂಹರಾಜು ಅವರು ಆಮೇಲೆ ಇನ್ನೂರಕ್ಕೂ ಮಿಕ್ಕಿ ಚಿತ್ರಗಳಲ್ಲಿ ನಟಿಸಿದರು. ಬಡಕಲು ಮೈ, ಮುಂದೆ ಚಾಚಿದ ಹಲ್ಲು. ಇನ್ನೊಬ್ಬರಿಗೆ ಕೊರತೆಯಾಗಬಹುದಾಗಿದ್ದುದೇ ಇವರಿಗೆ ಬಂಡವಾಳವಾಯಿತು. ಕೆಲಸ ಕಡಿಮೆಯಾಗಿದ್ದ ದಿನಗಳಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೊಡನೆ ಕೂಡಿ ಕಲಾವಿದರ ಸಂಘ ಕಟ್ಟಿ, 1960ರಲ್ಲಿ 'ರಣಧೀರ ಕಂಠೀರವ' ಚಿತ್ರ ತೆಗೆದವರಲ್ಲಿ ಇವರೂ ಒಬ್ಬರು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಸಾಲ ವಸೂಲಿಗೆ ರಾಜನ ಬೆನ್ನು ಬಿದ್ದ ನಕ್ಷತ್ರಿಕ, 1970ರ 'ಶ್ರೀ ಕೃಷ್ಣದೇವರಾಯ'ದಲ್ಲಿ ತೆನಾಲಿ ರಾಮಕೃಷ್ಣ, ಇವೆರಡನ್ನೂ ನೋಡಿದವರು ಮರೆಯಲಾರರು. 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರ ವಹಿಸಿದರು. ಅರವತ್ತು ತುಂಬುವ ಮೊದಲೇ ಕಣ್ಮುಚ್ಚಿದರು.

ಇನ್ನು ನಮ್ಮ ತುರೋರಿಯ ಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋದಂತೆ, ಉಮರ್ಗಾ ತಾಲೂಕಿನ ಈ ಊರು ಹೈದರಾಬಾದ್ ರಾಜ್ಯದಿಂದ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಬಾಲ್ಯದಲ್ಲಿ ನಾವು ಹತ್ತಿರದ ಟಾಕೀಜುಗಳಲ್ಲಿ ಕಂಡದ್ದೆಲ್ಲ ಹಿಂದಿ, ಮರಾಠಿ ಚಿತ್ರಗಳೇ. 1990ರ ಸುಮಾರಿಗೆ ನಾಲ್ಕಾರು ಮನೆಯವರು ಹಣ ಕೂಡಿಸಿ, ಒಂದು ರಾತ್ರಿಗೆ ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ತರುತ್ತಿದ್ದರು. ಕನ್ನಡ ಕ್ಯಾಸೆಟ್ಟು ಗಡಿಯಾಚೆಯ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬರಬೇಕು. ಹೀಗೆ ಬಂದ 'ಸತ್ಯ ಹರಿಶ್ಚಂದ್ರ'ವನ್ನು ಬೆಳಗಾಗುವುದರೊಳಗೆ ಎರಡು ಸಲ ನೋಡಿದ್ದುಂಟು.

ಆ ರಾತ್ರಿ ನಾವು ಹುಡುಗರು ನಕ್ಕದ್ದು ನಕ್ಷತ್ರಿಕನ ಮುಖ ನೋಡಿ. ಮರಾಠಿ ಓದಲು ಬಾರದ ನಮ್ಮ ಅಜ್ಜಿ ನಕ್ಕದ್ದು ಅವನ ಮಾತು ಕೇಳಿ. ನಾವು ನಗದೆ ಸುಮ್ಮನಿದ್ದ ಕಡೆಯಲ್ಲೆಲ್ಲ ಅಜ್ಜಿ ನಕ್ಕು, ಆಮೇಲೆ ಆ ಮಾತನ್ನು ಬಿಡಿಸಿ ಹೇಳುತ್ತಿದ್ದಳು. ನಮಗೆ ಶ್ಲೇಷೆಯ ಪಾಠವಾದದ್ದು ವ್ಯಾಕರಣ ಪುಸ್ತಕದಿಂದಲ್ಲ.

ಚಾರ್ಲಿ ಚಾಪ್ಲಿನ್ನರ ಮೂಕಿ ಚಿತ್ರಗಳಿಗೆ ಭಾಷೆಯ ಹಂಗಿಲ್ಲ; ನರಸಿಂಹರಾಜು ಅವರ ಅರ್ಧ ನಗೆ ಕನ್ನಡದ ಮಾತಿನಲ್ಲೇ ಇದೆ. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯಿತು, ಸಿ.ಡಿ.ಗಳೂ ಮೂಲೆ ಸೇರಿದವು. 2008ರಲ್ಲಿ 'ಸತ್ಯ ಹರಿಶ್ಚಂದ್ರ' ಬಣ್ಣ ತೊಟ್ಟು ಮತ್ತೆ ತೆರೆಗೆ ಬಂತು. ಈಗ ಮೊಬೈಲಿನಲ್ಲಿ ಬೇಕೆಂದಾಗ ನೋಡಬಹುದು. ಚಿತ್ರಕ್ಕೆ ಬರವಿಲ್ಲ. ಆದರೆ ಬಿಡುವಿನ ವೇಳೆ ನಾವು ಇವರ ದೃಶ್ಯ ತೋರಿಸಿದಾಗ ನಮ್ಮ ವಿದ್ಯಾರ್ಥಿಗಳು ಹಲ್ಲು ನೋಡಿ ನಗುತ್ತಾರೆ, ಮಾತಿಗೆ ಸುಮ್ಮನಿರುತ್ತಾರೆ. ಹಲವರ ಮನೆಯಲ್ಲಿ ಬಿಡಿಸಿ ಹೇಳುವ ಅಜ್ಜಿ ಇಲ್ಲ.

ಗಡಿನಾಡಿನ ತಂದೆತಾಯಿಗಳಲ್ಲಿ ನಮ್ಮ ಅರಿಕೆ ಇಷ್ಟೇ: ವಾರಕ್ಕೊಮ್ಮೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಇಂಥ ಒಂದು ಚಿತ್ರ ನೋಡಿರಿ, ಅವರು ನಗದ ಕಡೆ ನಿಲ್ಲಿಸಿ, ಮಾತನ್ನು ಬಿಡಿಸಿ ಹೇಳಿರಿ. ನರಸಿಂಹರಾಜು ಅವರಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.